ಅತ್ತೆಗೂ ಸೊಸೆಗೂ ಒಂದೇ ಇನ್ಹೇಲರ್: ಎರಡು ಕಾಯಿಲೆಗಳಲ್ಲಿ ಅದರ ಕೆಲಸ ಬೇರೆ

ಪ್ರಶ್ನೆ: ನನಗೆ 36 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದೇವೆ. ಚಿಕ್ಕಂದಿನಿಂದಲೂ ನನಗೆ ಉಬ್ಬಸವಿದೆ. ವೈದ್ಯರು ಬುಡೆಸೊನೈಡ್ 200 ಮತ್ತು ಫಾರ್ಮೊಟೆರಾಲ್ 6 ಮೈಕ್ರೊಗ್ರಾಂ ಸೇರಿರುವ ಪಂಪನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಪಫ್ ತೆಗೆದುಕೊಳ್ಳಲು ಬರೆದುಕೊಟ್ಟಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದೆ ಎಂದು ತಿಳಿದ ಮೇಲೆ ಹೆದರಿ ಮಳೆಗಾಲದಲ್ಲಿ ಮಾತ್ರ ಬಳಸುತ್ತಿದ್ದೇನೆ. ಉಳಿದ ದಿನಗಳಲ್ಲಿ ನೀಲಿ ಪಂಪ್ ಸಾಕಾಗುತ್ತದೆ. ಅದು ತಿಂಗಳಿಗೆ ಒಂದರಂತೆ ಖಾಲಿಯಾಗುತ್ತದೆ. ನಮ್ಮ ಅತ್ತೆಗೆ 67 ವರ್ಷ. ಬೀಡಿ ಮುಟ್ಟಿದವರಲ್ಲ, ಆದರೆ ಸೌದೆ ಒಲೆಯ ಮುಂದೆಯೇ ಬದುಕು ಕಳೆದವರು. ಅವರಿಗೆ ಸಿಒಪಿಡಿ (ಶ್ವಾಸನಾಳಗಳು ಶಾಶ್ವತವಾಗಿ ಕಿರಿದಾಗುವ ಕಾಯಿಲೆ) ಎಂದು ಹೇಳಿ, ಊದುವ ಪರೀಕ್ಷೆ ಮಾಡಿಸದೆ, ಅದೇ ಔಷಧಿಯ, ಪುಡಿಯಾಗಿ ಎಳೆದುಕೊಳ್ಳುವ 400ರ ಕ್ಯಾಪ್ಸೂಲ್ ಮತ್ತು ಡೆರಿಫಿಲಿನ್ ಮಾತ್ರೆ ಕೊಟ್ಟಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಮತ್ತು ಬಿಪಿ ಇವೆ. ಕಳೆದ ವರ್ಷ ಎರಡು ಸಲ ನ್ಯುಮೋನಿಯಾ ಆಯಿತು. ಒಮ್ಮೆ ಪಂಪ್ ಹಿಡಿದರೆ ಸಾಯುವ ತನಕ ಬಿಡಲಾಗದು ಎಂದು ಊರಿನವರು ಹೇಳುತ್ತಾರೆ. ಇಂತಹ ಔಷಧಿಯಿಂದ ಅಸ್ತಮಾ ರೋಗಿಗಳು ಸತ್ತಿದ್ದಾರೆಂದು ಇಂಟರ್ನೆಟ್‌ನಲ್ಲಿ ಓದಿದೆ. ಇಬ್ಬರೂ ಇದನ್ನು ನಿಲ್ಲಿಸಬಹುದೇ? ಒಬ್ಬರದು ಮುಗಿದಾಗ ಇನ್ನೊಬ್ಬರದನ್ನು ಬಳಸಿದರೆ ತೊಂದರೆಯೇ?

ಉತ್ತರ: ನಿಮ್ಮ ಪ್ರಶ್ನೆಗಳ ಹಿಂದಿರುವ ಭಯ ಸ್ಟೀರಾಯ್ಡಿನದು. ಆ ಭಯ ನಿಮ್ಮ ವಿಷಯದಲ್ಲಿ ತಪ್ಪು ದಿಕ್ಕಿನಲ್ಲಿದೆ. ನಿಮ್ಮ ಅತ್ತೆಯವರ ವಿಷಯದಲ್ಲಿ ಅದಕ್ಕೆ ಸ್ವಲ್ಪ ಆಧಾರವಿದೆ. ಒಂದೇ ಔಷಧಿಯ ಬಗ್ಗೆ ಹೀಗೆ ಎರಡು ಉತ್ತರ ಕೊಡಬೇಕಾಗಿರುವುದಕ್ಕೆ ಕಾರಣ ನಿಮ್ಮಿಬ್ಬರ ಕಾಯಿಲೆಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗೆ ಬೇರೆಯಾಗಿರುವುದು.

ಈ ಪಂಪಿನಲ್ಲಿ ಎರಡು ಔಷಧಿಗಳಿವೆ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಶ್ವಾಸನಾಳಗಳ ಒಳಪದರದ ಉರಿಯೂತವನ್ನು ತಗ್ಗಿಸುತ್ತದೆ. ಅದರ ಪರಿಣಾಮ ದಿನಗಳು, ವಾರಗಳು ಕಳೆದಂತೆ ಕಾಣಿಸುವುದರಿಂದ ಎಳೆದುಕೊಂಡ ಕ್ಷಣದಲ್ಲಿ ಏನೂ ಆದಂತೆ ಅನ್ನಿಸುವುದಿಲ್ಲ. ಫಾರ್ಮೊಟೆರಾಲ್ ಶ್ವಾಸನಾಳಗಳ ಸುತ್ತಲಿನ ಬಿಗಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸಿ ಸುಮಾರು 12 ಗಂಟೆ ಹಾಗೆಯೇ ಇಡುತ್ತದೆ. ಅಸ್ತಮಾದಲ್ಲಿ ಮೂಲ ತೊಂದರೆ ಉರಿಯೂತ, ಆದ್ದರಿಂದ ಅಲ್ಲಿ ಸ್ಟೀರಾಯ್ಡೇ ಮುಖ್ಯ ಔಷಧಿ. ಸಿಒಪಿಡಿಯಲ್ಲಿ ವರ್ಷಾನುಗಟ್ಟಲೆ ಹೊಗೆ ಕುಡಿದ ನಾಳಗಳು ಶಾಶ್ವತವಾಗಿ ಕಿರಿದಾಗಿರುತ್ತವೆ, ಗಾಳಿಚೀಲಗಳ ಗೋಡೆಗಳು ಹರಿದುಹೋಗಿರುತ್ತವೆ. ಅಲ್ಲಿನ ಉರಿಯೂತವೂ ಹೆಚ್ಚಿನವರಲ್ಲಿ ಸ್ಟೀರಾಯ್ಡಿಗೆ ಬಗ್ಗುವ ಜಾತಿಯದಲ್ಲ. ಹಾಗಾಗಿ ಅಲ್ಲಿ ನಾಳಗಳನ್ನು ಹಿಗ್ಗಿಸುವ ಔಷಧಿಯೇ ಮೊದಲು, ಸ್ಟೀರಾಯ್ಡ್ ಕೆಲವರಿಗೆ ಮಾತ್ರ.

ಮೊದಲು ನಿಮ್ಮ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ ಸಂಗತಿ, ನೀವು ನಿರಾಳವಾಗಿ ಬರೆದಿರುವ 'ನೀಲಿ ಪಂಪ್ ಸಾಕಾಗುತ್ತದೆ' ಎಂಬ ಮಾತು. ಅದರಲ್ಲಿರುವ ಸಾಲ್ಬುಟಮಾಲ್ ನಾಲ್ಕೈದು ಗಂಟೆ ಸ್ನಾಯುಗಳನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದೇ ಇಲ್ಲ. ಒಲೆ ಉರಿಯುತ್ತಿರುವಾಗಲೇ ಕಿಟಕಿ ತೆರೆದು ಹೊಗೆ ಹೊರಬಿಟ್ಟಂತೆ. ಕೋಣೆ ತಿಳಿಯಾಯಿತೆಂದು ಒಳಗಿದ್ದವರಿಗೆ ಅನ್ನಿಸುತ್ತದೆ, ಬೆಂಕಿ ಮಾತ್ರ ಹಾಗೆಯೇ ಇರುತ್ತದೆ. ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್‌ಗಳಿರುತ್ತವೆ. ತಿಂಗಳಿಗೊಂದು ಎಂದರೆ ದಿನಕ್ಕೆ ಆರೇಳು ಪಫ್. ವರ್ಷಕ್ಕೆ ಮೂರಕ್ಕಿಂತ ಹೆಚ್ಚು ನೀಲಿ ಪಂಪ್ ಬೇಕಾಗುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದು ನಾವು ಎಣಿಸುತ್ತೇವೆ. ಹನ್ನೆರಡು ಮುಟ್ಟಿದರೆ ಅದನ್ನು ಜೀವಾಪಾಯದ ಸೂಚನೆಯೆಂದೇ ನೋಡುತ್ತೇವೆ. ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ಹೊರತಂದ ವರದಿಯಲ್ಲಿ, ಇಂತಹ ತಕ್ಷಣದ ಪಂಪ್ ಬಳಸುತ್ತಿದ್ದು ಮೃತಪಟ್ಟವರಲ್ಲಿ ಶೇ. 39ರಷ್ಟು ಮಂದಿಗೆ ಹಿಂದಿನ ಒಂದು ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪಂಪ್‌ಗಳನ್ನು ಬರೆದುಕೊಟ್ಟಿದ್ದುದು ಕಂಡುಬಂತು. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಹೆದರಬೇಕಾದ ಪಂಪ್ ಯಾವುದು ಎಂಬುದು ಸ್ಪಷ್ಟವಾಗಲಿ ಎಂದು ಹೇಳುತ್ತಿದ್ದೇನೆ.

ನೀವು ಇಂಟರ್ನೆಟ್‌ನಲ್ಲಿ ಓದಿದ ಸಾವಿನ ಸುದ್ದಿ ಸುಳ್ಳಲ್ಲ, ಅರ್ಧ ಮಾತ್ರ. ಅಮೆರಿಕದಲ್ಲಿ ಸುಮಾರು 26 ಸಾವಿರ ಅಸ್ತಮಾ ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈಗಾಗಲೇ ನಡೆಯುತ್ತಿದ್ದ ಚಿಕಿತ್ಸೆಯ ಜೊತೆಗೆ ಸಾಲ್ಮೆಟೆರಾಲ್ ಎಂಬ ದೀರ್ಘಕಾಲದ ಹಿಗ್ಗಿಸುವ ಔಷಧಿ ಕೊಟ್ಟವರಲ್ಲಿ 13 ಮಂದಿ, ಕೊಡದವರಲ್ಲಿ 3 ಮಂದಿ ಅಸ್ತಮಾದಿಂದ ತೀರಿಕೊಂಡರು. ಅವರಲ್ಲಿ ಅನೇಕರು ಸ್ಟೀರಾಯ್ಡ್ ಪಂಪ್ ಬಳಸುತ್ತಿರಲಿಲ್ಲ. ಹಿಗ್ಗಿಸುವ ಔಷಧಿ ಒಂದೇ ಇದ್ದಾಗ ರೋಗಿಗೆ ಆರಾಮ ಅನ್ನಿಸುತ್ತದೆ, ಒಳಗಿನ ಉರಿಯೂತ ಸದ್ದಿಲ್ಲದೆ ಬೆಳೆಯುತ್ತದೆ. ಆ ಬಳಿಕ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಂಯೋಜಿತ ಪಂಪ್‌ಗಳ ಮೇಲೂ ಕಟು ಎಚ್ಚರಿಕೆ ಮುದ್ರಿಸುವಂತೆ ಮಾಡಿ, ಕಂಪನಿಗಳಿಂದ ಹೊಸ ಅಧ್ಯಯನಗಳನ್ನು ನಡೆಸಿಸಿತು. ನಾಲ್ಕು ಅಧ್ಯಯನಗಳಲ್ಲಿ ಒಟ್ಟು 41 ಸಾವಿರಕ್ಕೂ ಹೆಚ್ಚು ಮಂದಿಯನ್ನು ಗಮನಿಸಿದಾಗ, ಸ್ಟೀರಾಯ್ಡ್ ಜೊತೆಗಿದ್ದರೆ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ. 2017ರ ಡಿಸೆಂಬರಿನಲ್ಲಿ ಆ ಎಚ್ಚರಿಕೆಯನ್ನು ಸಂಯೋಜಿತ ಪಂಪ್‌ಗಳಿಂದ ತೆಗೆಯಲಾಯಿತು. ಎರಡನ್ನೂ ಒಂದೇ ಪಂಪಿನಲ್ಲಿ ತುಂಬುವುದರ ದೊಡ್ಡ ಲಾಭವೇ ಇದು: ರೋಗಿ ತನಗೆ ಹಿತವೆನಿಸುವ ಔಷಧಿಯನ್ನು ಮಾತ್ರ ಇಟ್ಟುಕೊಂಡು ಸ್ಟೀರಾಯ್ಡನ್ನು ಬಿಟ್ಟುಬಿಡಲಾಗದು.

ಇನ್ನು ಸ್ಟೀರಾಯ್ಡಿನ ಪ್ರಮಾಣದ ಮಾತು. ನಿಮಗೆ ಬರೆದುಕೊಟ್ಟಿರುವುದು ದಿನಕ್ಕೆ 400 ಮೈಕ್ರೊಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಅರ್ಧಕ್ಕೂ ಕಡಿಮೆ. ಉಬ್ಬಸ ಕೆರಳಿ ಆಸ್ಪತ್ರೆಗೆ ಹೋದರೆ ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಐದು ದಿನ ಕೊಡುತ್ತೇವೆ. ಬುಡೆಸೊನೈಡ್ ತೂಕಕ್ಕೆ ತೂಕ ಹೆಚ್ಚು ಪ್ರಬಲವಾದುದರಿಂದ ಈ ಹೋಲಿಕೆ ಪೂರ್ತಿ ನ್ಯಾಯವಾದುದಲ್ಲ. ಆದರೂ ಮಾತ್ರೆ ರಕ್ತದ ಮೂಲಕ ಮೈಯೆಲ್ಲ ಸುತ್ತುತ್ತದೆ, ಪಂಪಿನ ಔಷಧಿ ಹೆಚ್ಚಾಗಿ ಶ್ವಾಸನಾಳದಲ್ಲೇ ಉಳಿಯುತ್ತದೆ, ಬಾಯಲ್ಲಿ ಉಳಿದು ನುಂಗಿಹೋದ ಬುಡೆಸೊನೈಡಿನ ಸುಮಾರು ಶೇ. 90 ಭಾಗವನ್ನು ಯಕೃತ್ತು ಮೊದಲ ಸುತ್ತಿನಲ್ಲೇ ನಿಷ್ಕ್ರಿಯಗೊಳಿಸುತ್ತದೆ. ಪಂಪಿಗೆ ಹೆದರಿ ವರ್ಷಕ್ಕೆ ಮೂರು ನಾಲ್ಕು ಬಾರಿ ಮಾತ್ರೆ, ಇಂಜೆಕ್ಷನ್ ಹಾಕಿಸಿಕೊಳ್ಳುವವರು ತಾವು ತಪ್ಪಿಸಿಕೊಂಡೆವೆಂದುಕೊಂಡ ಸ್ಟೀರಾಯ್ಡನ್ನು ಹಲವು ಪಟ್ಟು ಹೆಚ್ಚಾಗಿ ಪಡೆಯುತ್ತಿರುತ್ತಾರೆ. ಹೊರರೋಗಿ ವಿಭಾಗದಲ್ಲಿ ದಿನವೂ ಕಾಣುವ ವ್ಯಂಗ್ಯ ಇದು. ಊರೂರು ಸುತ್ತಿ ಉಬ್ಬಸದ ಪುಡಿ ಮಾರುವವರ ಪೊಟ್ಟಣಗಳ ಬಗ್ಗೆಯೂ ಒಂದು ಮಾತು: ಹೆಸರಿಲ್ಲದ ಪುಡಿ ಎರಡೇ ದಿನಗಳಲ್ಲಿ ಪವಾಡದಂತೆ ಉಬ್ಬಸ ಇಳಿಸಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಶಯವನ್ನು ಮೊದಲು ಪಡಬೇಕು. ತಿಂಗಳುಗಟ್ಟಲೆ ತಿಂದು ಮುಖ ಊದಿಸಿಕೊಂಡು ಬಂದವರಿಗೆ ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ.

ಅಡ್ಡಪರಿಣಾಮಗಳೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಗಂಟಲು ಕಟ್ಟುವುದು, ಧ್ವನಿ ಗೊಗ್ಗರಾಗುವುದು, ನಾಲಿಗೆಯ ಮೇಲೆ ಬಿಳಿಯ ಶಿಲೀಂಧ್ರ ಕೂರುವುದು ಸಾಮಾನ್ಯ. ಪ್ರತಿ ಸಲ ಬಾಯಿ ಮುಕ್ಕಳಿಸಿ ನೀರನ್ನು ಉಗುಳಿದರೆ ಇವು ಬಹಳ ಮಟ್ಟಿಗೆ ತಪ್ಪುತ್ತವೆ. ಹಲ್ಲುಜ್ಜುವ ಮೊದಲು ಪಂಪ್ ತೆಗೆದುಕೊಳ್ಳುವ ಅಭ್ಯಾಸವಾದರೆ ಮರೆತುಹೋಗುವ ಪ್ರಶ್ನೆಯೇ ಬರುವುದಿಲ್ಲ. ಫಾರ್ಮೊಟೆರಾಲ್‌ನಿಂದ ಆರಂಭದಲ್ಲಿ ಕೈ ನಡುಗಬಹುದು, ಎದೆ ಬಡಿತ ಹೆಚ್ಚಬಹುದು. ವರ್ಷಗಟ್ಟಲೆ ಹೆಚ್ಚಿನ ಡೋಸ್ ಪಡೆಯುವವರಲ್ಲಿ ಕಣ್ಣಿನ ಪೊರೆ, ಮೂಳೆ ಸವೆತ, ಚರ್ಮ ತೆಳುವಾಗುವುದು ಕಾಣಿಸಿಕೊಳ್ಳಬಹುದು. ನಿಮ್ಮದು ಆ ಮಟ್ಟದ ಡೋಸ್ ಅಲ್ಲ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಮೊದಲನೆಯದು, ಸಂಯೋಜಿತ ಪಂಪನ್ನು ಬರೆದುಕೊಟ್ಟಂತೆ ವರ್ಷವಿಡೀ ಬಳಸಿ, ನೀಲಿ ಪಂಪನ್ನು ತುರ್ತಿಗೆ ಮಾತ್ರ ಇಟ್ಟುಕೊಳ್ಳುವುದು. ಎರಡನೆಯದು, ನಾನು ನಿಮಗೆ ಹೆಚ್ಚು ಸೂಕ್ತವೆಂದು ಭಾವಿಸುವುದು, ಬೆಳಿಗ್ಗೆ ಮತ್ತು ರಾತ್ರಿಯ ಪಫ್‌ಗಳ ಜೊತೆಗೆ ನಡುವೆ ಉಬ್ಬಸ ಬಂದಾಗಲೂ ನೀಲಿಯ ಬದಲು ಇದೇ ಪಂಪಿನ ಒಂದು ಪಫ್ ತೆಗೆದುಕೊಳ್ಳುವುದು. ಆಗ ಹಿತ ಕೊಡುವ ಪ್ರತಿ ಪಫ್ ಜೊತೆಗೆ ಒಂದಿಷ್ಟು ಸ್ಟೀರಾಯ್ಡೂ ಒಳಹೋಗುತ್ತದೆ, ಆಸ್ಪತ್ರೆ ಸೇರುವಷ್ಟು ಕೆರಳುವುದು ಕಡಿಮೆಯಾಗುತ್ತದೆ. ಅಸ್ತಮಾಗೆ ನೀಲಿ ಪಂಪ್ ಒಂದನ್ನೇ ನೆಚ್ಚಿಕೊಳ್ಳಬಾರದೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು 2019ರಿಂದ ಸ್ಪಷ್ಟವಾಗಿ ಹೇಳುತ್ತಿವೆ. ಆದರೆ ಈ ವಿಧಾನಕ್ಕೆ ಕಟ್ಟುಪಾಡುಗಳಿವೆ. ಇದು ಫಾರ್ಮೊಟೆರಾಲ್ ಇರುವ ಪಂಪಿಗೆ ಮಾತ್ರ ಸಲ್ಲುತ್ತದೆ. ಸಾಲ್ಮೆಟೆರಾಲ್ ಇರುವ ಪಂಪ್ ನಿಧಾನವಾಗಿ ಕೆಲಸ ಮಾಡುವುದರಿಂದ ಅದನ್ನು ತುರ್ತಿಗೆ ಬಳಸಕೂಡದು. ಅಂಗಡಿಯವರು ಬ್ರ್ಯಾಂಡ್ ಬದಲಿಸಿ ಕೊಟ್ಟಾಗ ಮೇಲಿನ ಹೆಸರನ್ನು ಬಿಟ್ಟು ಒಳಗಿನ ಔಷಧಿಯ ಹೆಸರನ್ನು ಓದಿ. ನಿಮ್ಮ ಡೋಸಿನಲ್ಲಿ ಎಲ್ಲ ಸೇರಿ ದಿನಕ್ಕೆ 12 ಪಫ್ ಮೀರಬಾರದು, ಎರಡು ಮೂರು ದಿನ ಸತತವಾಗಿ ಎಂಟರ ಹತ್ತಿರ ಹೋಗುತ್ತಿದ್ದರೆ ಆಗಲೇ ವೈದ್ಯರನ್ನು ಕಾಣಬೇಕು. ನಿಮ್ಮ ವೈದ್ಯರು ಒಪ್ಪಿ, ಕಾಗದದ ಮೇಲೆ ಬರೆದುಕೊಟ್ಟ ನಂತರವೇ ಇದನ್ನು ಆರಂಭಿಸಿ.

ಮೂರನೆಯ ದಾರಿ, ಎಲ್ಲವನ್ನೂ ನಿಲ್ಲಿಸುವುದು. ಪಂಪಿಗೆ ಚಟ ಹತ್ತುವುದಿಲ್ಲ, ನಿಲ್ಲಿಸಿದಾಗ ಉಬ್ಬಸ ಮರಳುವುದು ಕಾಯಿಲೆ ಅಲ್ಲೇ ಇರುವುದರಿಂದ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದನ್ನು ಯಾರೂ ಚಟ ಎನ್ನುವುದಿಲ್ಲ. ಮೂರು ತಿಂಗಳು ಪೂರ್ತಿ ಹತೋಟಿಯಲ್ಲಿದ್ದರೆ ಡೋಸ್ ಇಳಿಸುವ ಬಗ್ಗೆ ನಾವೇ ಯೋಚಿಸುತ್ತೇವೆ. ನಿಮ್ಮ ಈಗಿನ ಸ್ಥಿತಿಯಲ್ಲಿ ಆ ಮಾತು ಬೇಡ.

ಇನ್ನು ಅತ್ತೆಯವರ ವಿಷಯ, ಇದು ಹೆಚ್ಚು ಜಟಿಲ. ಮಲೆನಾಡಿನಲ್ಲಿ ಗ್ಯಾಸ್ ಬಂದಮೇಲೂ ಬಚ್ಚಲೊಲೆ ಆರಿಲ್ಲ, ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಮುಂದೆ ಕೂರುವವರು ಹೆಚ್ಚಾಗಿ ಹೆಂಗಸರೇ. ಬೀಡಿ ಸೇದದ ಹೆಂಗಸಿಗೆ ಸಿಒಪಿಡಿ ಬರುವುದು ನಮ್ಮ ಕಡೆ ಆಶ್ಚರ್ಯದ ಸಂಗತಿಯಲ್ಲ. ಆದರೆ ಆ ರೋಗನಿರ್ಣಯಕ್ಕೆ ಸ್ಪೈರೊಮೆಟ್ರಿ, ಅಂದರೆ ನೀವು ಹೇಳುವ ಊದುವ ಪರೀಕ್ಷೆ ಬೇಕೇ ಬೇಕು. ಹಿಗ್ಗಿಸುವ ಔಷಧಿ ಕೊಟ್ಟ ನಂತರವೂ, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬರುವ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಎನ್ನುತ್ತೇವೆ. ಔಷಧಿಯ ನಂತರ ಗಾಳಿಯ ಹರಿವು ಗಣನೀಯವಾಗಿ ಸುಧಾರಿಸಿದರೆ ಅಸ್ತಮಾವೂ ಬೆರೆತಿರಬಹುದು. ಹಳೆಯ ಕ್ಷಯದ ಕಲೆ, ಹೃದಯದ ದೌರ್ಬಲ್ಯ ಕೂಡ ಇದೇ ವೇಷದಲ್ಲಿ ಬರುತ್ತವೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ಈ ಪರೀಕ್ಷೆ ಸಿಗುತ್ತದೆ. ಶಿವಮೊಗ್ಗಕ್ಕೆ ಒಂದು ದಿನದ ಓಡಾಟ ಇದಕ್ಕೆ ಸಾರ್ಥಕ.

ಎರಡು ಬಾರಿ ನ್ಯುಮೋನಿಯಾ ಆಗಿರುವುದನ್ನು ಪಂಪಿನ ದೃಷ್ಟಿಯಿಂದಲೂ ನೋಡಬೇಕು. ಟಾರ್ಚ್ ಎಂಬ ಹೆಸರಿನ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ಸಾವಿರಕ್ಕೂ ಹೆಚ್ಚು ಸಿಒಪಿಡಿ ರೋಗಿಗಳನ್ನು ಮೂರು ವರ್ಷ ಗಮನಿಸಿದರು. ಸ್ಟೀರಾಯ್ಡ್ ಮತ್ತು ಹಿಗ್ಗಿಸುವ ಔಷಧಿಯ ಸಂಯೋಜನೆ ಪಡೆದವರಲ್ಲಿ ಕಾಯಿಲೆ ಕೆರಳುವುದು ಕಡಿಮೆಯಾಯಿತು, ಆದರೆ ನ್ಯುಮೋನಿಯಾ ಆದವರ ಪ್ರಮಾಣ ಶೇ. 19.6, ಔಷಧಿಯಿಲ್ಲದ ಪಂಪ್ ಪಡೆದವರಲ್ಲಿ ಶೇ. 12.3. ಅಲ್ಲಿ ಬಳಸಿದ್ದು ಫ್ಲುಟಿಕಾಸೋನ್, ಅದೂ ದೊಡ್ಡ ಡೋಸ್. ಬುಡೆಸೊನೈಡಿನಲ್ಲಿ ಈ ಅಪಾಯ ಕಡಿಮೆ ಎಂಬ ವಾದವಿದ್ದರೂ, 2016ರಲ್ಲಿ ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆ ಪರಿಶೀಲಿಸಿ, ಹಾಗೆನ್ನಲು ಖಚಿತ ಆಧಾರವಿಲ್ಲವೆಂದು ತೀರ್ಮಾನಿಸಿತು.

ಅಂದರೆ ಅವರ ಸ್ಟೀರಾಯ್ಡ್ ನಿಲ್ಲಿಸಬೇಕೆ? ಇಲ್ಲಿ ಒಂದು ಅಗ್ಗದ ರಕ್ತಪರೀಕ್ಷೆ ದಾರಿ ತೋರುತ್ತದೆ. ಇಯೊಸಿನೊಫಿಲ್ ಎಂಬ ರಕ್ತಕಣಗಳ ಸಂಖ್ಯೆ ಒಂದು ಮೈಕ್ರೊಲೀಟರ್ ರಕ್ತದಲ್ಲಿ 300 ಅಥವಾ ಅದಕ್ಕಿಂತ ಹೆಚ್ಚಿದ್ದು, ಕಾಯಿಲೆ ಪದೇ ಪದೇ ಕೆರಳುತ್ತಿದ್ದರೆ ಸ್ಟೀರಾಯ್ಡ್ ಪ್ರಯೋಜನ ಕೊಡುತ್ತದೆ, ನಿಲ್ಲಿಸಿದರೆ ತೊಂದರೆಯಾಗುತ್ತದೆ. 100ಕ್ಕಿಂತ ಕಡಿಮೆಯಿದ್ದರೆ, ಅದರಲ್ಲೂ ನ್ಯುಮೋನಿಯಾ ಮರುಕಳಿಸಿದವರಲ್ಲಿ, ಲಾಭಕ್ಕಿಂತ ನಷ್ಟವೇ ಹೆಚ್ಚು. ಜಂತುಹುಳು ಇದ್ದರೂ ಈ ಸಂಖ್ಯೆ ಏರುತ್ತದೆ, ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಇಳಿಯುತ್ತದೆ. ಹಾಗಾಗಿ ಆರಾಮಾಗಿರುವ ದಿನಗಳಲ್ಲಿ ಮಾಡಿಸಿದ ಹಳೆಯ ವರದಿಗಳಿದ್ದರೆ ಅವನ್ನೂ ಒಯ್ಯಿರಿ. ಸ್ಟೀರಾಯ್ಡ್ ಬೇಡವೆಂದಾದರೆ ಎರಡು ಬೇರೆ ಬೇರೆ ಬಗೆಯ ಹಿಗ್ಗಿಸುವ ಔಷಧಿಗಳನ್ನು ಸೇರಿಸಿದ ಪಂಪ್‌ಗಳಿವೆ, ಉದಾಹರಣೆಗೆ ಫಾರ್ಮೊಟೆರಾಲ್ ಜೊತೆ ಗ್ಲೈಕೊಪಿರೋನಿಯಂ ಅಥವಾ ಟಿಯೊಟ್ರೋಪಿಯಂ. ಇವುಗಳಲ್ಲಿ ಬಾಯಿ ಒಣಗುವುದು, ಕೆಲವರಲ್ಲಿ ಮೂತ್ರ ಕಟ್ಟುವುದು ಉಂಟು; ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಇದ್ದರೆ ಮೊದಲೇ ತಿಳಿಸಬೇಕು. ಸ್ಟೀರಾಯ್ಡೂ ಬೇಕೆಂದಾದರೆ ಮೂರೂ ಸೇರಿರುವ ಪಂಪ್‌ಗಳಿವೆ. ಅಸ್ತಮಾ ಬೆರೆತಿದೆಯೆಂದು ಪರೀಕ್ಷೆ ಹೇಳಿದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಆಗ ಸ್ಟೀರಾಯ್ಡ್ ಬಿಡುವಂತೆಯೇ ಇಲ್ಲ. ಆದ್ದರಿಂದಲೇ ಪರೀಕ್ಷೆಯಾಗುವ ತನಕ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಸ್ಟೀರಾಯ್ಡಿನಿಂದ ಸಕ್ಕರೆ ಸ್ವಲ್ಪ ಏರಬಹುದು. ಅದನ್ನು ಅಳೆದು ನೋಡಿ ಮಾತ್ರೆ ಹೊಂದಿಸಬಹುದು, ಅದಕ್ಕಾಗಿ ಪಂಪ್ ಬಿಡಬೇಕಿಲ್ಲ.

ಡೆರಿಫಿಲಿನ್ ಹಳೆಯ, ಅಗ್ಗದ ಮಾತ್ರೆ. ಅದರಲ್ಲಿರುವ ಥಿಯೊಫಿಲಿನ್ ವರ್ಗದ ಔಷಧಿಗೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ಕಫಕ್ಕೋ ಭೇದಿಗೋ ಯಾರಾದರೂ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಏರಿ ವಾಂತಿ, ಎದೆಬಡಿತದ ಏರುಪೇರು, ಫಿಟ್ಸ್ ಕೂಡ ಆಗಬಹುದು. ಒಳ್ಳೆಯ ಪಂಪ್ ಸರಿಯಾಗಿ ನಡೆಯುತ್ತಿದ್ದರೆ ಈ ಮಾತ್ರೆ ಅವರಿಗೆ ನಿಜಕ್ಕೂ ಬೇಕೇ ಎಂದು ಕೇಳಿ. ಬಿಪಿಗೆ ಯಾವ ಮಾತ್ರೆ ಎಂದು ನೀವು ಬರೆದಿಲ್ಲ. ಪ್ರೊಪ್ರಾನೊಲಾಲ್ ಮಾತ್ರೆಯಾಗಲಿ, ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಹನಿಯಾಗಲಿ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲವು. ಕಣ್ಣಿಗೆ ಹಾಕುವ ಹನಿಗೂ ಉಬ್ಬಸಕ್ಕೂ ಸಂಬಂಧವಿದೆಯೆಂದು ರೋಗಿಗಳಿಗೆ ಹೊಳೆಯುವುದೇ ಇಲ್ಲ.

ಕ್ಯಾಪ್ಸೂಲ್ ಬಗ್ಗೆ ನನಗೆ ಇನ್ನೊಂದು ಅನುಮಾನವಿದೆ. ಪುಡಿಯ ಸಾಧನದಲ್ಲಿ ರೋಗಿಯೇ ಜೋರಾಗಿ, ವೇಗವಾಗಿ ಎಳೆದುಕೊಂಡರೆ ಮಾತ್ರ ಪುಡಿ ಒಡೆದು ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಶಕ್ತಿ ಕುಂದಿದ 67ರ ಹೆಂಗಸಿಗೆ ಅದು ಆಗದಿದ್ದರೆ ಔಷಧಿಯೆಲ್ಲ ಗಂಟಲಲ್ಲೇ ಕೂರುತ್ತದೆ. ಅಂಥವರಿಗೆ ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿ ನಿಧಾನವಾಗಿ ಎಳೆದುಕೊಂಡು ಹತ್ತು ಎಣಿಸುವ ತನಕ ಉಸಿರು ಹಿಡಿಯುವುದು ಸುಲಭ. ನೀವೂ ಸ್ಪೇಸರ್ ಬಳಸಿ. ಪಂಪಿಗೆ ನಿಧಾನ, ಪುಡಿಗೆ ಜೋರು; ಇದು ತಿರುವುಮುರುವಾಗಿರುವುದನ್ನು ಬಹಳಷ್ಟು ಮನೆಗಳಲ್ಲಿ ನೋಡಿದ್ದೇನೆ. ಕ್ಯಾಪ್ಸೂಲನ್ನು ಮಾತ್ರೆಯೆಂದು ನುಂಗಿದವರನ್ನೂ ನೋಡಿದ್ದೇನೆ. ನಿಮ್ಮ ಕಡೆಯ ಆಷಾಢದ ಥಂಡಿಗೆ ಪುಡಿ ಗಂಟುಕಟ್ಟುವುದರಿಂದ ಕ್ಯಾಪ್ಸೂಲ್‌ಗಳನ್ನು ಡಬ್ಬಿಯಲ್ಲೇ ಮುಚ್ಚಿಟ್ಟು ಬಳಸುವಾಗ ಮಾತ್ರ ಹೊರತೆಗೆಯಿರಿ, ಸಾಧನದೊಳಕ್ಕೆ ಉಸಿರು ಊದಬೇಡಿ. ಪಂಪ್ ಖಾಲಿಯಾಯಿತೇ ಎಂದು ನೀರಿನಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ, ಹಿಂಬದಿಯ ಎಣಿಕೆ ನೋಡಿ.

ಇಷ್ಟಾದ ಮೇಲೆ ಹಂಚಿಕೊಳ್ಳುವ ಪ್ರಶ್ನೆಗೆ ಉತ್ತರ ನೀವೇ ಊಹಿಸಿರಬಹುದು: ಬೇಡ. ಡೋಸ್ ಬೇರೆ, ಸಾಧನ ಬೇರೆ, ಬಾಯಿಗಿಡುವ ವಸ್ತು ಎಂಬುದೂ ಇದೆ. ನಿಮಗೆ ಹೇಳಿದ ಹೆಚ್ಚುವರಿ ಪಫ್‌ನ ವಿಧಾನ ಸಿಒಪಿಡಿಗೆ ಅನ್ವಯಿಸುವುದಿಲ್ಲ. ಹಣದ ಕಾರಣಕ್ಕೆ ಹಂಚಿಕೊಳ್ಳುವ ಯೋಚನೆಯಿದ್ದರೆ, ಈ ಸಂಯೋಜನೆ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಅತ್ತೆಯವರಿಗೆ ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೊಕಾಕಸ್ ಲಸಿಕೆ ವೈದ್ಯರು ಹೇಳಿದಂತೆ ಹಾಕಿಸಿ. ಬಚ್ಚಲೊಲೆಯ ಉಸ್ತುವಾರಿಯಿಂದ ಅವರನ್ನು ಬಿಡುಗಡೆ ಮಾಡಿ. ಯಾವ ಪಂಪೂ ಹೊಗೆಯ ಎದುರು ಗೆಲ್ಲುವುದಿಲ್ಲ. ಆದರೆ ಆ ಕೆಲಸ ನಿಮ್ಮ ಪಾಲಿಗೂ ಬರಬಾರದು, ಅಸ್ತಮಾ ಇರುವ ನಿಮಗೂ ಹೊಗೆ ಆಗದು.

ಒಂದೇ ಉಸಿರಿಗೆ ಪೂರ್ತಿ ವಾಕ್ಯ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಪಂಪಿನ ನಂತರವೂ ಉಬ್ಬಸ ಇಳಿಯದಿದ್ದರೆ 108ಕ್ಕೆ ಕರೆಮಾಡಿ. ಕಾಯುತ್ತಿರುವಾಗ ಸ್ಪೇಸರ್ ಮೂಲಕ ನೀಲಿ ಪಂಪಿನ ನಾಲ್ಕು ಪಫ್‌ಗಳನ್ನು ಒಂದೊಂದಾಗಿ, ಒಂದೊಂದಕ್ಕೂ ನಾಲ್ಕಾರು ಉಸಿರು ಕೊಟ್ಟು ತೆಗೆದುಕೊಳ್ಳಬಹುದು, 20 ನಿಮಿಷದಲ್ಲಿ ಹಗುರಾಗದಿದ್ದರೆ ಮತ್ತೊಮ್ಮೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ, ಅತ್ತೆಯವರು ಆರಾಮಾಗಿರುವ ದಿನ ಅವರ ಮಟ್ಟ ಎಷ್ಟೆಂದು ನೋಡಿ ಬರೆದಿಟ್ಟುಕೊಳ್ಳಿ. ಅವರನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಸಿಒಪಿಡಿ ಇದೆಯೆಂದು ಮೊದಲೇ ಹೇಳಿ. ಇಂಥ ರೋಗಿಗಳಿಗೆ ಆಮ್ಲಜನಕವನ್ನು, ಆಕ್ಸಿಮೀಟರ್ ತೋರಿಸುವ ಮಟ್ಟ ಶೇ. 88ರಿಂದ 92ರ ನಡುವೆ ನಿಲ್ಲುವಂತೆ, ಅಳೆದು ಕೊಡಬೇಕು. ಧಾರಾಳವಾಗಿ ಕೊಟ್ಟರೆ ಕೆಲವರಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹೆಚ್ಚುತ್ತದೆ.